ನೀರು ಇಳಿಯಿತಂತೆ

ಬೆಳಿಗ್ಗೆ ಎದ್ದು ಫೋನ್ ತೆರೆದರೆ ಸುದ್ದಿ: ‘ಕೃಷ್ಣೆ ಇಳಿಮುಖ, ಸೇತುವೆಗಳು ಸಂಚಾರಕ್ಕೆ ಮುಕ್ತ, ನಿಟ್ಟುಸಿರು ಬಿಟ್ಟ ಜನ’. ಯಾವ ಜನರೋ ಯಪ್ಪಾ? ನಿನ್ನೆ ರಾತ್ರಿಯಷ್ಟೇ ಊರಿಂದ ಬಂದಿದ್ದೇನೆ. ಅಲ್ಲಿ ನಿಟ್ಟುಸಿರು ಬಿಡೋಕೆ ಯಾರಿಗೂ ಪುರುಸೊತ್ತಿರಲಿಲ್ಲ.

ನಮ್ಮದು ಚಿಕ್ಕೋಡಿ ಕಡೆ, ದೂಧಗಂಗಾ ದಂಡೆಯ ಊರು ಅಂತ ನಿಮಗೆ ಗೊತ್ತೇ ಇದೆ. ಮಳೆಗಾಲ ಬಂದರೆ ನನ್ನ ಗೋಳು ಶುರು ಅನ್ನೋದೂ ಗೊತ್ತು. ಕೃಷ್ಣೆ ತುಂಬಿದರೆ ಅದಕ್ಕೆ ಹೋಗಿ ಸೇರೋ ನಮ್ಮ ಹೊಳೆ ಮುಂದೆ ಹೋಗಲಾರದೆ ಹಿಂದಕ್ಕೆ ಒತ್ತುತ್ತದೆ. ಊರಲ್ಲಿ ಬಿಸಿಲು ಬಿದ್ದಿರುತ್ತದೆ, ಹೊಲದಲ್ಲಿ ನೀರು ಏರುತ್ತಿರುತ್ತದೆ.

ಪ್ರತಿ ವರ್ಷ ಅದೇ ನಾಟಕ. ಮಹಾರಾಷ್ಟ್ರದಲ್ಲಿ ಕೊಯ್ನಾ ಕಡೆ ಮಳೆ ಜೋರು, ಅಲ್ಲಿನ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ ನೀರು, ಕಲ್ಲೋಳ-ಯಡೂರ ಸೇತುವೆ ಮುಳುಗಿತು, ಮಲಿಕವಾಡ-ದತ್ತವಾಡ ಮುಳುಗಿತು, ಪೊಲೀಸರು ಬ್ಯಾರಿಕೇಡ್ ಇಟ್ಟರು, ಟಿವಿಯವರು ಮೊಣಕಾಲುದ್ದ ನೀರಲ್ಲಿ ನಿಂತರು. ನೀರು ಇಳಿಯಿತು. ಮುಗೀತು! ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ ಅನ್ನೋ ಲೆಕ್ಕ ನಮ್ಮೂರ ಹುಡುಗರಿಗೂ ಬಾಯಿಪಾಠ. ಸೇತುವೆ ದಾಟಿ ಹೊಲಕ್ಕೆ ಹೋಗುವ ದಾರಿ ಎಷ್ಟು ಕಿತ್ತುಹೋಗಿದೆ ಅನ್ನೋ ಲೆಕ್ಕ ಮಾತ್ರ ಯಾರ ಹತ್ತಿರವೂ ಇಲ್ಲ.

ಮೊನ್ನೆ ತಮ್ಮನ ಜೊತೆ ಹೊಲಕ್ಕೆ ಹೋಗಿದ್ದೆ. ಗಾಡಿ ದಾರಿ ನಾಲ್ಕು ಕಡೆ ಕೊರೆದಿದೆ. ಒಂದು ಕಡೆ ಮಣ್ಣೆಲ್ಲ ಕೊಚ್ಚಿಹೋಗಿ ಸಿಮೆಂಟ್ ಪೈಪ್ ಮಾತ್ರ ಒಂಟಿಯಾಗಿ ಬಿದ್ದಿದೆ, ಆನೆಯ ಕಾಲಿನ ಹಾಗೆ. ಸೋಯಾಬಿನ್ ಕೇಳಲೇಬೇಡಿ. ಕಬ್ಬು ದೂರದಿಂದ ಹಸಿರಾಗೇ ಕಾಣುತ್ತಿತ್ತು, ನನಗೂ ಸ್ವಲ್ಪ ಸಮಾಧಾನ ಆಯಿತು. ತಮ್ಮ ಒಂದು ಸುಳಿ ಹಿಡಿದು ಮೆಲ್ಲಗೆ ಎಳೆದ. ಸಲೀಸಾಗಿ ಕೈಗೇ ಬಂತು. ಒಳಗೆ ಕೆಸರು, ಕೊಳೆತ ವಾಸನೆ. “ಇದರಾಗ ಏನೂ ಉಳಿದಿಲ್ಲೋ ಅಣ್ಣಾ” ಅಂದ.

ಮೇಲಿನ ಮಡಿಯ ಕಬ್ಬು ಉಳಿದಿದೆ, ನಿಜ. ಅದನ್ನು ಕಾರ್ಖಾನೆಗೆ ಕಳಿಸೋಕೆ ದಾರಿ ಬೇಕಲ್ಲ? ದಾರಿ ಕೆಟ್ಟ ಹೊಲಕ್ಕೆ ಕಟಾವಿನ ಗ್ಯಾಂಗ್ ಬರೋದು ಎಲ್ಲರ ಕೊನೆಗೆ. ಟ್ರ್ಯಾಕ್ಟರ್ ಹೂತರೆ ಎಳೆಯೋ ಜೆಸಿಬಿ ಬಾಡಿಗೆ ನಮ್ಮದೇ.

ಪರಿಹಾರ ಬರುತ್ತಲ್ಲ ಅಂತೀರಾ? ಎಸ್‌ಡಿಆರ್‌ಎಫ್‌ನ, ಅಂದರೆ ರಾಜ್ಯ ವಿಪತ್ತು ಪರಿಹಾರ ನಿಧಿಯ, 2022ರ ದರದಲ್ಲಿ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ. ಅದೂ 2 ಹೆಕ್ಟೇರ್‌ವರೆಗೆ, ಅದೂ ಶೇ 33 ಆದರೂ ಹಾಳಾಗಿದ್ದರೆ. ಗುಂಟೆಗೆ ಭಾಗಿಸಿ ನೋಡಿ, 172 ರೂಪಾಯಿ. ಬೆಂಗಳೂರಲ್ಲಿ ಎರಡು ಮಸಾಲೆ ದೋಸೆ. ರಾಜ್ಯ ಸರ್ಕಾರ ಮೇಲೆ ಕೊಂಚ ಸೇರಿಸಿ ಕೊಟ್ಟಿದ್ದೂ ಇದೆ, ಇಲ್ಲ ಅನ್ನಲ್ಲ. ದಾರಿಗೆ? ಕಚೇರಿಯಲ್ಲಿ ಕೇಳಿದರೆ, “ಅದು ನಮ್ಮಲ್ಲಿ ಬರೂದಿಲ್ರೀ.”

ಇಂಜಿನಿಯರ್ ಗೆಳೆಯನೊಬ್ಬ ಬುದ್ಧಿ ಹೇಳಿದ. “ಆ ಸೇತುವೆ ಮುಳುಗಲಿ ಅಂತನ ಕಟ್ಟಿದ್ದಲೇ, ಬ್ಯಾಸಗಿಗೆ ನೀರು ನಿಲ್ಲಿಸೋ ಬಾಂದಾರ.” ಸರಿಯಪ್ಪಾ, ಒಪ್ಪಿದೆ. ಬಾಂದಾರ ಮುಳುಗೋದು ಲೆಕ್ಕದ ಪ್ರಕಾರವೇ. ದಾರಿ ಕೊಚ್ಚಿಹೋಗೋದೂ ಲೆಕ್ಕದಲ್ಲಿತ್ತಾ? ಇದ್ದರೆ ಅದನ್ನು ಕಟ್ಟೋ ದುಡ್ಡು ಯಾವ ಪುಟದಲ್ಲಿದೆ? ಅವನು ಹೆಬ್ಬೆರಳಿನ ಇಮೋಜಿ ಕಳಿಸಿ ಸುಮ್ಮನಾದ.

ಇನ್ನೊಂದು ಮಾತು ಹೇಳದಿದ್ದರೆ ತಮ್ಮ ನನ್ನನ್ನು ಉಗಿಯುತ್ತಾನೆ. ಆ ದಾರಿ ಪಕ್ಕ ಮೊದಲು ಒಂದು ಗಟಾರ ಇತ್ತು. ಅದನ್ನು ಮುಚ್ಚಿ ಎರಡು ಸಾಲು ಕಬ್ಬು ಜಾಸ್ತಿ ಹಾಕಿದವರು ನಾವೇ. ದಾರಿ ಎತ್ತರಿಸೋಣ, ಎರಡೂ ಕಡೆ ಮೂರು ಅಡಿ ಜಾಗ ಬಿಡಿ ಅಂತ ಊರವರು ಸೇರಿ ಕೇಳಿದಾಗ ಮೊದಲು ಕೂಗಾಡಿದವರು ನಮ್ಮಪ್ಪ. ನಾನು ಪಕ್ಕದಲ್ಲೇ ಕೂತು ತಲೆಯಾಡಿಸಿದ್ದೆ. 2019ರ ಆಗಸ್ಟ್‌ನಲ್ಲಿ ಹೊಳೆ ಬಂದಾಗ ನೀರು ದಾರಿಯನ್ನೇ ಗಟಾರ ಮಾಡಿಕೊಂಡು ಹೋಯಿತು. ಹಾಗಂತ ನಾನು ಬೈಯೋದು ಬಿಡಲ್ಲ, ಅದು ಬೇರೆ ವಿಷಯ.

ಈಗ ತಮ್ಮ ಫೋನ್ ಮಾಡಿದ್ದ. ಆ ದಾರಿಯವರೆಲ್ಲ ಪಟ್ಟಿ ಹಾಕಿ ಗರಸು ಸುರಿಸ್ತಾರಂತೆ, ನಮ್ಮ ಪಾಲು ಮೂರು ಸಾವಿರ. ಕಳಿಸಿದೆ. “ಆ ಮೂರು ಅಡಿ ಜಾಗಾನೂ ಬಿಡೂಣೇನ?” ಅಂತ ಕೇಳಿದೆ.

“ನೀನ ಅಪ್ಪಗ ಕೇಳು” ಅಂದು ಫೋನ್ ಇಟ್ಟ.