ಮೊದಲು ಚೀಟಿ, ಆಮೇಲೆ ಕಾಫಿ

ನೇಪಲ್ಸಿಗೆ ಹೋದ ಮಾರನೇ ದಿನ ಬೆಳಗ್ಗೆ ಎಂಟಕ್ಕೆ ಅಮ್ಮನ ಫೋನ್ ಬಂತು. ಎಲ್ಲಿದ್ದೀಯಾ ಅಂದಳು. ಬಾರ್‌ನಲ್ಲಿ ಅಂದೆ. ಆ ಕಡೆ ಮಾತೇ ಇಲ್ಲ. ಇಟಲಿಯಲ್ಲಿ ಬಾರ್ ಅಂದರೆ ಕಾಫಿ ಅಂಗಡಿ ಅಮ್ಮಾ, ಅಂತ ಬಿಡಿಸಿ ಹೇಳುವಷ್ಟರಲ್ಲಿ ನನ್ನ ಕಾಫಿ ಮುಗಿದಿತ್ತು. ಇದ್ದದ್ದೇ ಮೂರು ಗುಟುಕು.

ನೇಪಲ್ಸ್ ಅಂದ ತಕ್ಷಣ ಹೆದರಿಸುವವರೇ ಜಾಸ್ತಿ. ಬ್ಯಾಗ್ ಹುಷಾರು, ಸ್ಕೂಟರ್ ಹುಷಾರು ಅಂತ. ಹುಷಾರಾಗಿರಬೇಕು, ಸುಳ್ಳಲ್ಲ. ಆದರೆ ಬೆಂಗಳೂರಿನ ದರ್ಶಿನಿಯಲ್ಲಿ ಬೆಳಗಿನ ರಶ್ಶಿನಲ್ಲಿ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಇಡ್ಲಿ ತಟ್ಟೆ ಹಿಡಿದು ಮೊಣಕೈಯಲ್ಲೇ ದಾರಿ ಮಾಡಿಕೊಂಡವರಿಗೆ ಆ ಊರು ಪರವೂರು ಅನಿಸುವುದೇ ಇಲ್ಲ. ಪದ್ಧತಿ ಒಂದೇ. ಮೊದಲು ಗಲ್ಲಾದಲ್ಲಿ ದುಡ್ಡು ಕೊಡಿ, ಅದಕ್ಕೆ ಅಲ್ಲಿ ಕಾಸ್ಸಾ ಅಂತಾರೆ. ಸ್ಕೊಂಟ್ರಿನೊ ಅನ್ನೋ ಚೀಟಿ ಕೊಡುತ್ತಾರೆ. ಅದನ್ನು ಕೌಂಟರಿನ ಮೇಲಿಟ್ಟು ಕಾಫಿ ಮಾಡುವವನ ಕಣ್ಣಿಗೆ ಬೀಳುವ ಹಾಗೆ ನಿಂತುಕೊಳ್ಳಿ. ಚಿಕ್ಕ ಅಂಗಡಿಗಳಲ್ಲಿ ಕುಡಿದ ಮೇಲೆ ಕೊಟ್ಟರೂ ನಡೆಯುತ್ತೆ. ನಿಂತು ಕುಡಿದರೆ 1.20ರಿಂದ 1.50 ಯೂರೊ ಆಸುಪಾಸು. ಕುರ್ಚಿ ಎಳೆದು ಕೂತಿರೋ, ಬಿಲ್ಲು ಬೇರೆ. ಪ್ಲೆಬಿಷಿತೊ ಚೌಕದ ಪಕ್ಕ ಗಾಂಬ್ರಿನುಸ್ ಅಂತ 1860ರ ಕಾಫಿ ಮನೆಯೊಂದಿದೆ, ಒಳಗೆಲ್ಲ ಚಿತ್ರ, ತೂಗುದೀಪ. ಅಲ್ಲೂ ನಾನು ನಿಂತೇ ಕುಡಿದೆ. ತೂಗುದೀಪ ನಿಂತವರಿಗೂ ಕಾಣುತ್ತೆ, ಅಲ್ವಾ?

ಕಾಫಿಗೆ ಮುಂಚೆ ಪುಟ್ಟ ಗ್ಲಾಸಿನಲ್ಲಿ ನೀರು ಬರುತ್ತೆ. ಅದನ್ನು ಮೊದಲೇ ಕುಡಿಯಬೇಕು. ಕಾಫಿ ಆದಮೇಲೆ ಕುಡಿದರೆ ಕಾಫಿ ರುಚಿಯಾಗಿಲ್ಲ ಅಂತ ಅರ್ಥವಂತೆ. ಕಪ್ಪನ್ನು ಬಿಸಿನೀರಿನಿಂದಲೇ ಎತ್ತಿಡುತ್ತಾರೆ, ಅಂಚು ತುಟಿಗೆ ಚುರುಕ್ ಅನ್ನುತ್ತೆ. ಡಬರಾದಲ್ಲಿ ಆರಿಸಿಕೊಂಡು ಕುಡಿಯುವ ನಮಗೆ ಇದೊಂದು ಕಷ್ಟವೇ. ಇನ್ನು ಹಾಲಿನ ಕಾಫಿ ಬೇಕು ಅಂತ ‘ಲಾತ್ತೆ’ ಕೇಳಿದರೆ ಬರೀ ಹಾಲು ಬರುತ್ತೆ. ಬಂತು ಕೂಡ. ಸುಮ್ನೆ ಕುಡಿದೆ, ಏನು ಮಾಡೋದು. ‘ಕಾಫೆ ಲಾತ್ತೆ’ ಅನ್ನಬೇಕಿತ್ತು. ಕಪುಚಿನೊ ಬೆಳಗ್ಗೆ ಮಾತ್ರ ಕುಡಿಯುವುದು ಅವರ ರೂಢಿ, ಊಟದ ಮೇಲೆ ಕೇಳಿದರೆ ಕೊಡುತ್ತಾರೆ, ಆದರೆ ಊಟದ ಮೇಲೆ ಹಾರ್ಲಿಕ್ಸ್ ಕೇಳಿದವರನ್ನು ನೋಡುವ ಹಾಗೆ ನೋಡುತ್ತಾರೆ.

ಮನೆಗಳಲ್ಲಿ ಹಳಬರು ಕುಕ್ಕುಮೆಲ್ಲ ಅನ್ನೋ ಪಾತ್ರೆ ಇಟ್ಟಿರುತ್ತಾರೆ. ನಮ್ಮ ಫಿಲ್ಟರಿನ ದಾಯಾದಿ. ಕೆಳಗೆ ನೀರು, ನಡುವೆ ಪುಡಿ. ನೀರು ಕುದಿದ ಮೇಲೆ ಇಡೀ ಪಾತ್ರೆಯನ್ನೇ ತಲೆಕೆಳಗು ಮಾಡಿ ಕಾಯಬೇಕು, ತೊಟ್ಟು ತೊಟ್ಟಾಗಿ ಇಳಿಯುತ್ತೆ. ಅಷ್ಟರಲ್ಲಿ ಘಮ ಹಾರಿಹೋಗಬಾರದು ಅಂತ ಮೂತಿಗೆ ಕಾಗದದ ಟೋಪಿ ಬೇರೆ! ಡಿಕಾಕ್ಷನ್ ಇಳಿಯುವವರೆಗೂ ಫಿಲ್ಟರ್ ಮುಟ್ಟಬೇಡಿ ಅಂತ ಗದರುತ್ತಿದ್ದ ನಮ್ಮಜ್ಜಿ ಇದನ್ನು ನೋಡಿದ್ದರೆ ಒಪ್ಪುತ್ತಿದ್ದಳು.

ಬೈ ಟೂ ಮಾತ್ರ ಅಲ್ಲಿ ಇಲ್ಲ. ಮೂರು ಗುಟುಕನ್ನು ಏನಂತ ಹಂಚೋದು? ಅದರ ಬದಲಿಗೆ ಸೊಸ್ಪೆಸೊ ಇದೆ. ಒಂದು ಕಾಫಿ ಕುಡಿದು ಎರಡಕ್ಕೆ ದುಡ್ಡು ಕೊಟ್ಟು ಹೋಗೋದು. ಆಮೇಲೆ ಕೈಯಲ್ಲಿ ಕಾಸಿಲ್ಲದ ಯಾರಾದರೂ ಬಂದು ಸೊಸ್ಪೆಸೊ ಇದೆಯಾ ಅಂತ ಕೇಳಿದರೆ ಅವರಿಗೆ ಅದು. ಕೊಟ್ಟವರ ಮುಖ ಕುಡಿದವರು ನೋಡಿರುವುದಿಲ್ಲ.

ಚೀಟಿಯ ಗುಣ ಕಾಫಿಗೇ ಮುಗಿಯುವುದಿಲ್ಲ. ಬಸ್ಸಿನ ಕಾಗದದ ಟಿಕೆಟ್ಟನ್ನು ಕೊಂಡರೆ ಸಾಲದು, ಹತ್ತಿದ ಮೇಲೆ ಯಂತ್ರಕ್ಕೆ ತೋರಿಸಿ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ದಂಡ. ‘ಟಿ’ ಅಂತ ದೊಡ್ಡ ಬೋರ್ಡು ಇರುವ ಬೀಡಿ ಸಿಗರೇಟಿನ ಅಂಗಡಿಗಳಲ್ಲಿ ಟಿಕೆಟ್ ಸಿಗುತ್ತೆ. ಏರ್‌ಪೋರ್ಟಿನಿಂದ ಆಲಿಬಸ್ ನೇರ ರೈಲು ನಿಲ್ದಾಣಕ್ಕೆ, ಅಲ್ಲಿಂದ ಬಂದರಿಗೆ ಹೋಗುತ್ತೆ. ಪುರಾತತ್ವ ಮ್ಯೂಸಿಯಂಗೆ ಮಂಗಳವಾರ ರಜೆ. ಸಸ್ಯಾಹಾರಿಗಳು ಮರಿನಾರಾ ಪಿಜ್ಜಾ ಹೆಸರು ಕೇಳಿ ಓಡಬೇಡಿ, ಅದರಲ್ಲಿ ಮೀನಿಲ್ಲ, ಚೀಸೂ ಇಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ.

ಪೊಂಪೆಯಿಗೆ ಗಾರಿಬಾಲ್ದಿ ನಿಲ್ದಾಣದ ಕೆಳಗಿನಿಂದ ಚಿರ್ಕುಮ್ವೆಸುವಿಯಾನಾ ರೈಲು ಹಿಡಿಯಬೇಕು. ಸುಮಾರು 40 ನಿಮಿಷ, ಇಳಿಯುವುದು ‘ಪೊಂಪೆಯಿ ಸ್ಕಾವಿ’ಯಲ್ಲಿ. ಬರೀ ಪೊಂಪೆಯಿ ಅಂತ ಬೇರೆ ನಿಲ್ದಾಣವೂ ಇದೆ, ಮೋಸಹೋಗಬೇಡಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಮುಳುಗಿದ ಆ ಊರಿನ ಬೀದಿ ಬೀದಿಯಲ್ಲೂ ಕಲ್ಲಿನ ಕೌಂಟರುಗಳು. ಮೇಲೆ ಒಡೆದ ಅಮೃತಶಿಲೆಯ ಚೂರು ಮೆತ್ತಿದ್ದಾರೆ, ನಡುವೆ ಜಾಡಿಗಳ ಬಾಯಿ, ರಸ್ತೆಗೇ ಮುಖ. ಬಿಸಿ ಊಟ ಮಾರುತ್ತಿದ್ದ ಅಂಗಡಿಗಳು. ಒಂದರ ಜಾಡಿಯಲ್ಲಿ ಸಾವಿರಕ್ಕೂ ಮೇಲೆ ನಾಣ್ಯ ಸಿಕ್ಕಿತಂತೆ. ಗಲ್ಲಾ ಖಾಲಿ ಮಾಡುವಷ್ಟೂ ಪುರುಸೊತ್ತು ಇರಲಿಲ್ಲ ಪಾಪ. ನಾನು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಕೌಂಟರ್ ಸರಿಯಾಗಿ ಮೊಣಕೈ ಊರುವ ಎತ್ತರಕ್ಕಿತ್ತು.

ಸಂಜೆ ವಾಪಸ್ ಬಂದು ಅದೇ ಬಾರ್‌ಗೆ ಹೋದೆ. ಕಾಸ್ಸಾದಲ್ಲಿ ಕೂತಿದ್ದಾಕೆ ಎಷ್ಟು ಅಂತ ಬೆರಳೆತ್ತಿದಳು. ಎರಡು ಅಂದೆ. ನನ್ನ ಹಿಂದೆ ಇಣುಕಿ ನೋಡಿದಳು. ಯಾರೂ ಇರಲಿಲ್ಲ. ಸೊಸ್ಪೆಸೊ ಅಂದೆ, ಚೀಟಿ ಹರಿದು ಕೊಟ್ಟಳು.