ಪ್ರವಾಸದ ಇ-ಸಿಮ್ ಕೊಳ್ಳುವಾಗ ಜಿಬಿಯನ್ನು ಕೊನೆಗೆ ನೋಡಿ

ಕೆಲವು ದಿನಗಳ ಮಟ್ಟಿಗೆ ಹೊರದೇಶದ ಒಂದು ನಗರಕ್ಕೆ ಹೊರಟವರು ಇ-ಸಿಮ್ (ಪ್ಲಾಸ್ಟಿಕ್ ಕಾರ್ಡಿಲ್ಲದೆ ಫೋನಿನೊಳಗೇ ಹಾಕಿಕೊಳ್ಳುವ ಸಿಮ್) ಕೊಳ್ಳಲು ಕುಳಿತಾಗ ಮೊದಲು ಮಾಡುವ ಕೆಲಸವೆಂದರೆ ಯಾವ ಪ್ಲಾನಿನಲ್ಲಿ ಒಂದು ಜಿಬಿಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ. ಹೊರನಾಡಿನಲ್ಲಿ ನೆಲೆಸಿ, ಉದ್ಯೋಗಕ್ಕಾಗಿಯೂ ನೆಂಟರಿಷ್ಟರನ್ನು ಕಾಣುವುದಕ್ಕಾಗಿಯೂ ಆಗಾಗ ಗಡಿ ದಾಟಬೇಕಾದ ನನಗೆ, ಈ ಲೆಕ್ಕ ತಲೆಕೆಳಗಾಗಿ ಶುರುವಾಗುತ್ತದೆ ಎಂಬ ಅಭಿಪ್ರಾಯ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ ಬಂದಿದೆ. ಪ್ಲಾನಿನ ದಿನಗಳನ್ನು ಯಾವ ಗಳಿಗೆಯಿಂದ ಎಣಿಸುತ್ತಾರೆ, ಅದು ಆ ನಗರದ ಯಾವ ಕಂಪನಿಯ ನೆಟ್‌ವರ್ಕನ್ನು ಹಿಡಿಯುತ್ತದೆ, ನಮ್ಮ ಹಳೆಯ ನಂಬರು ಅದರ ಜೊತೆಗೇ ಬದುಕಿರುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲಷ್ಟೇ ಜಿಬಿಯ ಮಾತು ಬರಬೇಕು.

ಇ-ಸಿಮ್ ಒಂದೇ ದಾರಿಯಲ್ಲ, ಎಲ್ಲರಿಗೂ ಅದೇ ಒಳ್ಳೆಯದೆಂದು ನಾನು ಹೇಳುವುದೂ ಇಲ್ಲ. ಮನೆಯ ಸಿಮ್ಮಿಗೇ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡರೆ ಫೋನಿನಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ. ಕರೆ, ಎಸ್ಸೆಮ್ಮೆಸ್, ಡೇಟಾ ಮೂರೂ ಒಂದೇ ನಂಬರಿನಲ್ಲಿ ನಡೆಯುತ್ತವೆ. ಸೆಟ್ಟಿಂಗ್ಸ್ ಪರದೆ ಕಂಡರೆ ಗಾಬರಿಯಾಗುವ ಹಿರಿಯರು ಒಬ್ಬರೇ ಪ್ರಯಾಣ ಮಾಡುತ್ತಿದ್ದರೆ, ದುಬಾರಿಯಾದರೂ ಅದನ್ನೇ ಹಾಕಿಸಿ ಎಂದು ನಾನು ಯಾವಾಗಲೂ ಹೇಳುತ್ತೇನೆ. ವಿಮಾನ ಇಳಿದ ಕೂಡಲೇ ಅವರ ಫೋನು ಅವರಿಗೆ ಗೊತ್ತಿರುವ ರೀತಿಯಲ್ಲೇ ಕೆಲಸ ಮಾಡುವುದಕ್ಕಿಂತ ದೊಡ್ಡ ಉಳಿತಾಯವಿಲ್ಲ. ಐರೋಪ್ಯ ಒಕ್ಕೂಟದ ಸಿಮ್ ಇರುವವರು ಒಕ್ಕೂಟದ ಇನ್ನೊಂದು ದೇಶದ ನಗರಕ್ಕೆ ಹೋಗುವಾಗ ಬೇರೆ ಪ್ಲಾನ್ ಹುಡುಕುವ ಅಗತ್ಯವೇ ಇರುವುದಿಲ್ಲ. 2017ರ ಜೂನ್ 15ರಿಂದ ಅಲ್ಲಿ ಪ್ರತ್ಯೇಕ ರೋಮಿಂಗ್ ಶುಲ್ಕವನ್ನು ತೆಗೆದುಹಾಕಲಾಗಿದೆ, ಆ ನಿಯಮವನ್ನು 2032ರವರೆಗೆ ಮುಂದುವರಿಸಲಾಗಿದೆ. ಆದರೆ ಸ್ವಿಟ್ಜರ್ಲೆಂಡ್ ಮತ್ತು ಬ್ರಿಟನ್ ಆ ನಿಯಮದೊಳಗೆ ಬರುವುದಿಲ್ಲ. ‘ಯುರೋಪ್’ ಎಂಬ ಹೆಸರಿನಲ್ಲಿ ಮಾರುವ ಇ-ಸಿಮ್‌ಗಳಲ್ಲೂ ಈ ಎರಡು ದೇಶಗಳು ಕೆಲವು ಪಟ್ಟಿಗಳಲ್ಲಿರುತ್ತವೆ, ಕೆಲವುಗಳಲ್ಲಿರುವುದಿಲ್ಲ. ಆದ್ದರಿಂದ ಪ್ಲಾನಿನ ಹೆಸರನ್ನು ನಂಬದೆ ದೇಶಗಳ ಪಟ್ಟಿಯನ್ನು ಬಿಚ್ಚಿ ಓದಬೇಕು.

ಅಲ್ಲಿಯ ಸ್ಥಳೀಯ ಸಿಮ್ ಕೊಳ್ಳುವುದು ತಿಂಗಳುಗಟ್ಟಲೆ ಉಳಿಯುವವರಿಗೆ ಸರಿಯಾದ ದಾರಿ. ಅಲ್ಲಿಯ ನಂಬರೇ ಸಿಗುತ್ತದೆ, ವೇಗವೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ನಾಲ್ಕು ದಿನಕ್ಕೆ ಬಂದವರಿಗೆ ಮಾತ್ರ ಪಾಸ್‌ಪೋರ್ಟ್ ತೋರಿಸಿ ನೋಂದಾಯಿಸಿಕೊಳ್ಳುವ ಸಾಲು, ಹಳೆಯ ಕಾರ್ಡನ್ನು ಹೊರತೆಗೆದು ಜೋಪಾನ ಮಾಡುವ ಚಿಂತೆ ಇವೆಲ್ಲ ಬೇಡದ ಹೊರೆ.

ಇನ್ನು ಇ-ಸಿಮ್. ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟವಾದ ಜಿಎಸ್‌ಎಂಎ ಸಾಮಾನ್ಯ ಬಳಕೆದಾರರ ಸಾಧನಗಳಿಗಾಗಿ ಇದರ ಮಾನದಂಡವನ್ನು 2016ರಲ್ಲಿ ಪ್ರಕಟಿಸಿತು. 2017ರ ಗೂಗಲ್ ಪಿಕ್ಸೆಲ್ 2, 2018ರ ಐಫೋನ್ ಎಕ್ಸ್ಎಸ್ ಮತ್ತು ಎಕ್ಸ್ಆರ್ ಮೂಲಕ ಅದು ಫೋನುಗಳಿಗೆ ಬಂತು. 2022ರ ಐಫೋನ್ 14ರಿಂದೀಚೆಗೆ ಅಮೆರಿಕದಲ್ಲಿ ಮಾರುವ ಹೊಸ ಐಫೋನ್‌ಗಳಲ್ಲಿ ಸಿಮ್ ಕಾರ್ಡ್ ತೂರಿಸುವ ಕಿಂಡಿಯೇ ಇಲ್ಲ, ಹಾಗಾಗಿ ಅಂಥ ಫೋನ್ ಹಿಡಿದವರಿಗೆ ಪ್ಲಾಸ್ಟಿಕ್ ಕಾರ್ಡಿನ ಮಾತೇ ಬರುವುದಿಲ್ಲ. ನಿಮ್ಮ ಫೋನಿಗೆ ಈ ಸೌಲಭ್ಯ ಇದೆಯೇ ಎಂದು ತಿಳಿಯಲು *#06# ಒತ್ತಿ ನೋಡಬಹುದು. ಇಐಡಿ ಎಂಬ ಉದ್ದನೆಯ ಸಂಖ್ಯೆ ಕಂಡರೆ ಇದೆ ಎಂದರ್ಥ. ಕಂತಿನಲ್ಲಿ ಕೊಂಡ ಫೋನಾದರೆ ಅದು ಒಂದೇ ಕಂಪನಿಗೆ ಲಾಕ್ ಆಗಿರಬಹುದು, ಅದನ್ನೂ ಹಣ ಕೊಡುವ ಮೊದಲೇ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚು ಜನರಿಗೆ ಕೈಕೊಡುವುದು ದಿನಗಳ ಎಣಿಕೆ. ‘ಏಳು ದಿನ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆ ಏಳು ದಿನ ಶುರುವಾಗುವುದು ಫೋನಿಗೆ ಹಾಕಿಕೊಂಡ ಕ್ಷಣದಿಂದಲೋ, ಆ ದೇಶದ ನೆಟ್‌ವರ್ಕ್ ಮೊದಲು ಸಿಕ್ಕ ಕ್ಷಣದಿಂದಲೋ ಎಂಬುದು ಕೆಳಗೆ ಎಲ್ಲೋ ಸಣ್ಣಕ್ಷರದಲ್ಲಿ ಅಡಗಿರುತ್ತದೆ. ನೆಟ್‌ವರ್ಕ್ ಸಿಕ್ಕ ಮೇಲೆ ಎಣಿಸುವ ಪ್ಲಾನನ್ನು ಹೊರಡುವ ಹಿಂದಿನ ದಿನವೇ ಮನೆಯ ವೈಫೈನಲ್ಲಿ ನೆಮ್ಮದಿಯಿಂದ ಹಾಕಿಟ್ಟುಕೊಳ್ಳಬಹುದು. ಇನ್ನೊಂದು ಬಗೆಯದಕ್ಕೆ ವಿಮಾನ ನಿಲ್ದಾಣದ ವೈಫೈ ಕೈಹಿಡಿಯುತ್ತದೆಂದು ನಂಬಿ ಕೂರಬೇಕು. ಎಷ್ಟೋ ಕಡೆ ಆ ವೈಫೈ ತೆರೆಯಲು ಎಸ್ಸೆಮ್ಮೆಸ್ಸಿನಲ್ಲಿ ಬರುವ ಸಂಖ್ಯೆ ಬೇಕು. ರೋಮಿಂಗ್ ಇಲ್ಲದ ಫೋನಿಗೆ ಆ ಎಸ್ಸೆಮ್ಮೆಸ್ಸು ಬರುವುದಾದರೂ ಹೇಗೆ?

ದಿನವೆಂದರೆ ಏನು ಎಂಬುದರಲ್ಲೂ ಎರಡು ಪದ್ಧತಿಗಳಿವೆ. ಮೊದಲ ಸಂಪರ್ಕದಿಂದ 24 ಗಂಟೆ ಎಣಿಸುವುದು ಒಂದು, ಕ್ಯಾಲೆಂಡರ್ ದಿನವನ್ನು ಎಣಿಸುವುದು ಇನ್ನೊಂದು. ಕ್ಯಾಲೆಂಡರ್ ದಿನವಾದರೆ ಅದು ಯಾವ ದೇಶದ ಮಧ್ಯರಾತ್ರಿ ಎಂದು ಕೇಳಲೇಬೇಕು. ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಪ್ರಕಾರ ಎಣಿಸುವ ಪ್ಲಾನ್ ಹಿಡಿದು ಬೆಳಿಗ್ಗೆ ಏಳಕ್ಕೆ ಟೋಕಿಯೊದಲ್ಲಿ ಇಳಿದವರಿಗೆ, ಅಲ್ಲಿಯ ಸಮಯ ಒಂಬತ್ತು ಗಂಟೆ ಮುಂದಿರುವುದರಿಂದ, ಎರಡೇ ಗಂಟೆಯಲ್ಲಿ ಮೊದಲ ‘ದಿನ’ ಮುಗಿದುಹೋಗಿರುತ್ತದೆ. ನಾಲ್ಕು ದಿನದ ಪ್ರವಾಸಕ್ಕೆ ನಾಲ್ಕೇ ದಿನದ ಪ್ಲಾನ್ ತೆಗೆದುಕೊಂಡವರು ಹಿಂತಿರುಗುವ ದಿನ, ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಕರೆಯಬೇಕಾದ ಹೊತ್ತಿನಲ್ಲಿ, ಡೇಟಾ ಇಲ್ಲದೆ ಪರದಾಡುವುದು ಇದರಿಂದಲೇ. ಒಂದೆರಡು ದಿನ ಹೆಚ್ಚಿಗೆ ಇರುವ ಪ್ಲಾನಿಗೆ ಕೊಡುವ ಹಣ ಎಂದೂ ದಂಡವಲ್ಲ.

ಎರಡನೆಯದು ನೆಟ್‌ವರ್ಕು. ಪ್ರವಾಸದ ಇ-ಸಿಮ್ ಮಾರುವವರಿಗೆ ಸಾಮಾನ್ಯವಾಗಿ ಸ್ವಂತ ಟವರುಗಳಿರುವುದಿಲ್ಲ. ಯಾವುದೋ ಒಂದು ದೇಶದ ಕಂಪನಿಯಿಂದ ಸಗಟು ದರದಲ್ಲಿ ಸಂಪರ್ಕ ಪಡೆದು ನಮಗೆ ಕೊಡುತ್ತಾರೆ, ಅಂದರೆ ಆ ಸಿಮ್ ನಾವು ಹೋದ ದೇಶದಲ್ಲಿ ತಾನೇ ಅತಿಥಿಯಾಗಿರುತ್ತದೆ. ಅನೇಕ ವೇಳೆ ನಮ್ಮ ಡೇಟಾ ಆ ಮೂಲ ಕಂಪನಿಯ ದೇಶಕ್ಕೆ ಹೋಗಿ ಅಲ್ಲಿಂದಲೇ ಇಂಟರ್ನೆಟ್ಟಿಗೆ ಸೇರುತ್ತದೆ. ಏಷ್ಯಾದ ನಗರದಲ್ಲಿ ನಿಂತು ಯುರೋಪಿನ ಕಂಪನಿಯ ಸಿಮ್ ಬಳಸಿದರೆ ಪುಟ ತೆರೆಯಲು ತಡವಾಗುವುದು, ವಿಡಿಯೊ ಕರೆಯಲ್ಲಿ ಮಾತು ಹಿಂದೆ ಬೀಳುವುದು, ಜಾಲತಾಣಗಳು ಯಾವುದೋ ಭಾಷೆಯಲ್ಲಿ ತೆರೆದುಕೊಳ್ಳುವುದು, ಬ್ಯಾಂಕಿನ ಆಪ್ ಅನುಮಾನಪಟ್ಟು ಮತ್ತೊಮ್ಮೆ ಗುರುತು ಕೇಳುವುದು ಇದೇ ಕಾರಣಕ್ಕೆ. ಇದರಿಂದ ಲಾಭವೂ ಉಂಟು: ಚೀನಾದಲ್ಲಿ ಸ್ಥಳೀಯ ಸಿಮ್ಮಿನಲ್ಲಿ ತೆರೆಯದ ಗೂಗಲ್ ಮತ್ತು ವಾಟ್ಸಾಪ್, ರೋಮಿಂಗ್ ಆಧಾರದ ಇ-ಸಿಮ್ಮಿನಲ್ಲಿ ಸಾಮಾನ್ಯವಾಗಿ ತೆರೆಯುತ್ತವೆ. ತುರ್ಕಿಯಲ್ಲಿ 2025ರಲ್ಲಿ ಹಲವು ಇ-ಸಿಮ್ ಮಾರಾಟಗಾರರ ಜಾಲತಾಣಗಳನ್ನೇ ತಡೆಹಿಡಿಯಲಾಯಿತು, ಹಾಗಾಗಿ ಹೋದಮೇಲೆ ಕೊಂಡರಾಯಿತು ಎಂಬ ಉದಾಸೀನ ಎಲ್ಲ ಕಡೆಯೂ ನಡೆಯುವುದಿಲ್ಲ. ಪ್ಲಾನಿನ ವಿವರದಲ್ಲಿ ಸ್ಥಳೀಯ ಕಂಪನಿಯ ಹೆಸರನ್ನು ಸ್ಪಷ್ಟವಾಗಿ ಬರೆದಿರುವ ಮಾರಾಟಗಾರರನ್ನು ನಾನು ಹೆಚ್ಚು ನಂಬುತ್ತೇನೆ. ಒಂದರ ಬದಲು ಎರಡು ಮೂರು ಕಂಪನಿಗಳ ನೆಟ್‌ವರ್ಕ್ ಹಿಡಿಯುವ ಪ್ಲಾನ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತೆಗೆದುಕೊಳ್ಳುತ್ತೇನೆ, ಏಕೆಂದರೆ ನೆಲದಡಿಯ ಮೆಟ್ರೊ ನಿಲ್ದಾಣದಲ್ಲೂ ಎತ್ತರದ ಕಟ್ಟಡಗಳ ಸಂದಿಯಲ್ಲೂ ಒಂದು ಹೋದರೆ ಇನ್ನೊಂದು ಸಿಗುತ್ತದೆ.

‘ಅನ್‌ಲಿಮಿಟೆಡ್’ ಪ್ಲಾನುಗಳ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು. ದಿನಕ್ಕೆ ಇಂತಿಷ್ಟು ಬಳಸಿದ ಮೇಲೆ ವೇಗ ಇಳಿಸುತ್ತೇವೆ ಎಂಬ ಷರತ್ತು ಅವುಗಳಲ್ಲಿ ಬಹುತೇಕ ಇದ್ದೇ ಇರುತ್ತದೆ. ಇಳಿಸುವುದು ಎಷ್ಟಕ್ಕೆ ಎಂಬುದರಲ್ಲಿ ಎಲ್ಲವೂ ಅಡಗಿದೆ. 1 ಎಂಬಿಪಿಎಸ್‌ಗೆ (ಸೆಕೆಂಡಿಗೆ ಒಂದು ಮೆಗಾಬಿಟ್, ಅಂದರೆ ಒಂದು ಎಂಬಿಯ ಎಂಟನೆಯ ಒಂದು ಭಾಗ) ಇಳಿಸಿದರೆ ಒಂದು ಎಂಬಿಯ ಚಿತ್ರ ಎಂಟು ಸೆಕೆಂಡಿನಲ್ಲಿ ಬರುತ್ತದೆ, ನಕ್ಷೆಯೂ ಸಂದೇಶವೂ ನಡೆಯುತ್ತವೆ. ಅದರ ಸುಮಾರು ಎಂಟನೆಯ ಒಂದು ಭಾಗವಾದ 128 ಕೆಬಿಪಿಎಸ್‌ಗೆ ಇಳಿಸಿದರೆ ಅದೇ ಚಿತ್ರಕ್ಕೆ ಒಂದು ನಿಮಿಷ ಬೇಕು. ಅಪರಿಚಿತ ನಗರದ ಕೂಡುರಸ್ತೆಯಲ್ಲಿ ನಿಂತು ಎಡಕ್ಕೋ ಬಲಕ್ಕೋ ಎಂದು ನೋಡುವವರಿಗೆ ಅದು ಡೇಟಾ ಇಲ್ಲದ ಹಾಗೆಯೇ. ಈ ಅಂಕಿಯನ್ನು ಬರೆಯದೆ ‘ಅನ್‌ಲಿಮಿಟೆಡ್’ ಎಂದಷ್ಟೇ ಮಾರುವುದು ಗ್ರಾಹಕರಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿಯುತ್ತೇನೆ.

ಹಾಗಾದರೆ ಎಷ್ಟು ಜಿಬಿ ಬೇಕು? ನಗರ ಸುತ್ತುವವರಿಗೆ ಅಂದುಕೊಂಡದ್ದಕ್ಕಿಂತ ಕಡಿಮೆ. ದಾರಿ ತೋರಿಸುವ ನಕ್ಷೆ ಗಂಟೆಗೆ ಕೆಲವೇ ಎಂಬಿ ತಿನ್ನುತ್ತದೆ, ಆ ನಗರದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಅದೂ ಇಲ್ಲ. ಡೇಟಾ ಖಾಲಿ ಮಾಡುವುದು ವಿಡಿಯೊ, ಅದರಲ್ಲೂ ನಮಗೆ ಗೊತ್ತಿಲ್ಲದಂತೆ ಹಿನ್ನೆಲೆಯಲ್ಲಿ ಕ್ಲೌಡಿಗೆ ಏರುವ ವಿಡಿಯೊ. ಐಫೋನಿನಲ್ಲಿ 4ಕೆ ಗುಣಮಟ್ಟದಲ್ಲಿ ತೆಗೆದ ಒಂದು ನಿಮಿಷದ ವಿಡಿಯೊ ಸುಮಾರು 170 ಎಂಬಿ ಇರುತ್ತದೆ. ಅಂಥ ಆರು ನಿಮಿಷ ಸೇರಿದರೆ ಒಂದು ಜಿಬಿ ಮುಗಿಯಿತು. ಫೋಟೊ ಬ್ಯಾಕಪ್ಪನ್ನೂ ಆಪ್‌ಗಳ ಅಪ್‌ಡೇಟನ್ನೂ ವೈಫೈಗೆ ಮಾತ್ರ ಸೀಮಿತಗೊಳಿಸಿ, ರಾತ್ರಿ ಹೋಟೆಲಿನ ವೈಫೈನಲ್ಲಿ ಅವು ನಡೆಯಲಿ ಎಂದು ಬಿಟ್ಟರೆ ಸಣ್ಣ ಪ್ಲಾನೇ ಸಾಕಾಗುತ್ತದೆ. ಸಣ್ಣದನ್ನು ಕೊಂಡು, ಬೇಕಾದರೆ ಟಾಪ್-ಅಪ್ ಮಾಡಿಕೊಳ್ಳುವ ಅವಕಾಶ ಅದೇ ಸಿಮ್ಮಿಗೆ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು ನಾನು ಮೆಚ್ಚುವ ಕ್ರಮ. ಲ್ಯಾಪ್‌ಟಾಪಿಗೋ ಮಕ್ಕಳ ಫೋನಿಗೋ ಡೇಟಾ ಹಂಚಬೇಕಾದವರು ಮಾತ್ರ ಹಾಟ್‌ಸ್ಪಾಟಿಗೆ ಅನುಮತಿ ಇದೆಯೇ ಎಂದೂ ನೋಡಿ ದೊಡ್ಡ ಪ್ಲಾನಿಗೆ ಹೋಗಲಿ.

ಮೂರನೆಯದು ನಮ್ಮ ಹಳೆಯ ನಂಬರು. ಪ್ರವಾಸದ ಇ-ಸಿಮ್‌ಗಳಲ್ಲಿ ಹೆಚ್ಚಿನವು ಬರೀ ಡೇಟಾ ಕೊಡುತ್ತವೆ, ಕರೆಗೂ ಎಸ್ಸೆಮ್ಮೆಸ್ಸಿಗೂ ನಂಬರು ಕೊಡುವುದಿಲ್ಲ. ಕಾರ್ಡಿನಲ್ಲಿ ಹಣ ಪಾವತಿಸುವಾಗ ಬ್ಯಾಂಕು ಕಳಿಸುವ ಒಟಿಪಿ ಬರುವುದು ಮನೆಯ ಸಿಮ್ಮಿಗೇ. ಆದ್ದರಿಂದ ಆ ಸಿಮ್ಮನ್ನು ಆನ್ ಇಟ್ಟು, ಅದರ ಡೇಟಾ ರೋಮಿಂಗನ್ನು ಮಾತ್ರ ಆಫ್ ಮಾಡಬೇಕು. ಪ್ರವಾಸದ ಇ-ಸಿಮ್ಮಿನ ಡೇಟಾ ರೋಮಿಂಗನ್ನು ಆನ್ ಮಾಡಬೇಕು. ರೋಮಿಂಗ್ ಎಂಬ ಪದ ಕಂಡೊಡನೆ ಖರ್ಚಿಗೆ ಹೆದರಿ ಎರಡನ್ನೂ ಆಫ್ ಮಾಡಿ, ಇ-ಸಿಮ್ ಕೆಲಸ ಮಾಡುತ್ತಿಲ್ಲವೆಂದು ಕಂಪನಿಯನ್ನು ದೂರುವವರನ್ನು ಬಹಳ ಕಂಡಿದ್ದೇನೆ. ಆ ಸಿಮ್ಮೇ ಅಲ್ಲಿ ಅತಿಥಿಯಾಗಿರುವುದರಿಂದ ರೋಮಿಂಗ್ ಇಲ್ಲದೆ ಅದಕ್ಕೆ ಪ್ರವೇಶವೇ ಇಲ್ಲ. ಒಂದು ಸಿಮ್ಮಿನಲ್ಲಿ ಸಿಗ್ನಲ್ ಕುಂದಿದಾಗ ಡೇಟಾ ತಾನಾಗಿ ಇನ್ನೊಂದಕ್ಕೆ ಹಾರುವ ಆಯ್ಕೆ ಕೆಲವು ಫೋನುಗಳಲ್ಲಿರುತ್ತದೆ, ಅದನ್ನೂ ಆಫ್ ಮಾಡಿ. ಮನೆಯ ಕಂಪನಿಯಲ್ಲಿ ರೋಮಿಂಗ್ ಸೇವೆಯನ್ನು ಹೊರಡುವ ಮೊದಲೇ ಚಾಲೂ ಮಾಡಿಸಬೇಕೇ, ಬರುವ ಎಸ್ಸೆಮ್ಮೆಸ್ಸಿಗೂ ಎತ್ತಿದ ಕರೆಗೂ ಎಷ್ಟು ಹಾಕುತ್ತಾರೆ ಎಂದು ಕೇಳಿಟ್ಟುಕೊಳ್ಳಿ. ಆ ನಗರದಲ್ಲಿ ಬೇಕಾಗುವ ಟ್ಯಾಕ್ಸಿ ಆಪ್‌ಗಳನ್ನು ಮನೆಯಲ್ಲಿದ್ದಾಗಲೇ ನೋಂದಾಯಿಸಿಕೊಂಡರೆ ಅವುಗಳ ಒಟಿಪಿಗಾಗಿ ಅಲ್ಲಿ ಕಾಯಬೇಕಾಗುವುದಿಲ್ಲ. ವಾಟ್ಸಾಪಿನಲ್ಲಿ ಹಳೆಯ ನಂಬರೇ ಮುಂದುವರಿಯುತ್ತದೆ, ಬದಲಿಸುವ ಗೋಜಿಗೆ ಹೋಗಬೇಡಿ.

ಇನ್ನೊಂದು ಎಚ್ಚರಿಕೆ. ಇ-ಸಿಮ್ ಹಾಕಿಕೊಳ್ಳಲು ಬರುವ ಕ್ಯೂಆರ್ ಕೋಡನ್ನು ಅದೇ ಫೋನಿನ ಕ್ಯಾಮೆರಾದಿಂದ ಓದಲಾಗದು, ಹಾಗಾಗಿ ಅದನ್ನು ಕಾಗದದಲ್ಲಿ ಮುದ್ರಿಸಿಕೊಳ್ಳಿ ಅಥವಾ ಜೊತೆಯಲ್ಲಿರುವವರ ಫೋನಿಗೆ ಕಳಿಸಿಡಿ. ಆ ಕೋಡುಗಳಲ್ಲಿ ಹಲವು ಒಂದೇ ಸಲ ಬಳಸಲು ಬರುವಂಥವು. ಸಂಪರ್ಕ ಸಿಗಲಿಲ್ಲವೆಂದು ಅವಸರದಲ್ಲಿ ಇ-ಸಿಮ್ಮನ್ನು ಅಳಿಸಿದರೆ ಮತ್ತೆ ಹಾಕಲಾಗದು. ಮೊದಲು ರೋಮಿಂಗ್ ಆನ್ ಇದೆಯೇ ನೋಡಿ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಅದೂ ಆಗದಿದ್ದರೆ ನೆಟ್‌ವರ್ಕನ್ನು ಪಟ್ಟಿಯಿಂದ ಕೈಯಾರೆ ಆರಿಸಿ. ಅಳಿಸುವ ಕೆಲಸ ಪ್ರವಾಸ ಮುಗಿಸಿ, ಆ ಪ್ಲಾನಿನ ಅವಧಿಯೂ ತೀರಿದ ಮೇಲೆ ಇರಲಿ.