ಇನ್ನೂ ಇಪ್ಪತ್ತು ನಿಮಿಷದ ಆಟ ಬಾಕಿ ಇತ್ತು

ಬೆಂಗಳೂರಿನ ಸುನೀಲ್ ಛೆಟ್ರಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಫ್ರೀ ಕಿಕ್‌ನಲ್ಲಿ (ಫೌಲ್ ಆದಾಗ ಎದುರು ತಂಡಕ್ಕೆ ಸಿಗುವ ಒದೆತ) ಗೋಲು ಹೊಡೆದು, ಕೇರಳದವರು ಆಟ ಬಿಟ್ಟು ಹೊರನಡೆದ ಆ ವಿಡಿಯೊ ಇವತ್ತು ಬೆಳಗ್ಗೆಯಿಂದ ಮತ್ತೆ ಓಡಾಡುತ್ತಿದೆ. ಕೆಳಗೆ ಅದೇ ಹಳೇ ಜಗಳ. ವಿಸಿಲ್ ಊದದೆ ಗೋಲು ಹೇಗೆ ಕೊಟ್ಟರು, ಗೋಲಿಗೆ ಅಡ್ಡ ಆಟಗಾರರ ಗೋಡೆ ನಿಲ್ಲೋ ಮೊದಲೇ ಹೊಡೆದದ್ದು ಮೋಸ ಅಲ್ವಾ, ಕೇರಳದವರು ಹೊರನಡೆದದ್ದೇ ಸರಿ. ಓದಿ ಓದಿ ಸಾಕಾಯಿತು. ನಾನು ಬೆಂಗಳೂರು ತಂಡದ ಕಡೆಯವನು ಅಂತ ನಿಮಗೆಲ್ಲ ಗೊತ್ತು, ಅದನ್ನು ಮುಚ್ಚಿಟ್ಟು ಬರೆಯುತ್ತಿಲ್ಲ. ಆದರೂ ನನ್ನ ಸಿಟ್ಟು ಆ ಗೋಲಿನ ಸುತ್ತ ಇರುವುದಲ್ಲ. ಗೋಲಾದಾಗ ಆಟ ಇನ್ನೂ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬಾಕಿ ಇತ್ತು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

2022-23ರ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್. ಹನ್ನೊಂದು ತಂಡ, ತಲಾ 20 ಪಂದ್ಯ. ಆ ವರ್ಷ ಪ್ಲೇಆಫ್ ಪದ್ಧತಿ ಬದಲಾಯಿತು: ಮೊದಲ ಎರಡು ಸ್ಥಾನದವರು ನೇರ ಸೆಮಿಫೈನಲ್‌ಗೆ, ಮೂರರಿಂದ ಆರರವರೆಗಿನ ನಾಲ್ಕು ತಂಡಗಳಿಗೆ ಒಂದೇ ಪಂದ್ಯದ ನಾಕೌಟ್. 34 ಅಂಕದ ಬೆಂಗಳೂರು ನಾಲ್ಕನೆಯದು, 31 ಅಂಕದ ಕೇರಳ ಬ್ಲಾಸ್ಟರ್ಸ್ ಐದನೆಯದು. ಹಾಗಾಗಿ 2023ರ ಮಾರ್ಚ್ 3ರಂದು ಆಟ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. ಎರಡನೇ ಲೆಗ್ ಇಲ್ಲ, ಸೋತವರು ಅಲ್ಲಿಗೇ ಮನೆಗೆ. 90 ನಿಮಿಷ ಗೋಲಿಲ್ಲದೆ ಮುಗಿದು, 30 ನಿಮಿಷದ ಹೆಚ್ಚುವರಿ ಅವಧಿಯಲ್ಲಿ ಆರೇಳು ನಿಮಿಷ ಕಳೆದಿತ್ತು. ಪೆನಾಲ್ಟಿ ಬಾಕ್ಸಿನ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಕೀಪರ್ ಪ್ರಭ್‌ಸುಖನ್ ಗಿಲ್ ಇನ್ನೂ ಗೋಡೆ ನಿಲ್ಲಿಸುವುದರಲ್ಲಿದ್ದರು. ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಬದಿಗೆ ಹಾಕಿದರು. ಗೋಲು.

ಮೊದಲು ನಿಯಮ ಹೇಳಿಬಿಡುತ್ತೇನೆ, ಯಾಕೆಂದರೆ ಅರ್ಧ ಜಗಳ ಹುಟ್ಟುವುದೇ ಇದು ಗೊತ್ತಿಲ್ಲದೆ. ಫುಟ್‌ಬಾಲಿನಲ್ಲಿ ಫ್ರೀ ಕಿಕ್ ತೆಗೆಯಲು ವಿಸಿಲ್ ಬೇಕಿಲ್ಲ. ಆಟ ನಿಲ್ಲಿಸಲು ಬೇಕು, ಫೌಲಿನ ನಂತರ ಮತ್ತೆ ಶುರು ಮಾಡಲು ಸಾಮಾನ್ಯವಾಗಿ ಬೇಡ. ಚೆಂಡು ಸರಿಯಾದ ಜಾಗದಲ್ಲಿ ಅಲ್ಲಾಡದೆ ನಿಂತಿರಬೇಕು, ಒದ್ದಾಗ ಸ್ಪಷ್ಟವಾಗಿ ಚಲಿಸಬೇಕು, ಅಷ್ಟೇ. ಎದುರಾಳಿಗಳು 9.15 ಮೀಟರ್ ದೂರ ಇರಬೇಕು ಎಂಬ ನಿಯಮ ಇರುವುದು ಒದೆಯುವ ತಂಡಕ್ಕೆ ಅನುಕೂಲವಾಗಲಿ ಅಂತ. ನನಗೆ ಆ ಅನುಕೂಲ ಬೇಡ, ಈಗಲೇ ಒದೀತೀನಿ ಅಂತ ಆಟಗಾರ ತೀರ್ಮಾನಿಸಿದರೆ ಒದೆಯಬಹುದು. ಅದರಲ್ಲಿ ಅಪಾಯ ಅವನದೇ. ಹತ್ತಿರ ನಿಂತಿದ್ದ ಎದುರಾಳಿ ಆ ಚೆಂಡನ್ನು ತಡೆದರೆ ಆಟ ಮುಂದುವರಿಯುತ್ತದೆ, ಮತ್ತೊಮ್ಮೆ ಒದೆಯುವ ಅವಕಾಶ ಸಿಗುವುದಿಲ್ಲ.

ಹಾಗಾದರೆ ವಿಸಿಲ್ ಬೇಕೇಬೇಕಾದದ್ದು ಯಾವಾಗ? ಒದೆಯುವವನು ದೂರ ಅಳೆದುಕೊಡಿ ಎಂದು ಕೇಳಿ ರೆಫರಿ ಗೋಡೆಯನ್ನು ಹಿಂದಕ್ಕೆ ಸರಿಸಲು ಶುರು ಮಾಡಿದರೆ. ಕಾರ್ಡ್ ತೋರಿಸಿದ್ದರೆ. ಗಾಯಾಳುವಿಗಾಗಿಯೋ ಬದಲಿ ಆಟಗಾರನಿಗಾಗಿಯೋ ಆಟ ನಿಂತಿದ್ದರೆ. ಈ ಸಂದರ್ಭಗಳಲ್ಲಿ ರೆಫರಿ ವಿಸಿಲ್ ತೋರಿಸಿ 'ಇದಕ್ಕೆ ಕಾಯಿ' ಎಂದು ಸನ್ನೆ ಮಾಡುತ್ತಾರೆ. ಅಲ್ಲಿಂದ ಮುಂದೆ ವಿಸಿಲ್ ಊದದೆ ಒದ್ದರೆ ಲೆಕ್ಕಕ್ಕಿಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ. ರೆಫರಿ ಕ್ರಿಸ್ಟಲ್ ಜಾನ್ ವಿಸಿಲ್‌ಗೆ ಕಾಯಬೇಕಾದ ಆ ಹಂತಕ್ಕೆ ಹೋಗಿದ್ದರೋ ಇಲ್ಲವೋ? ಛೆಟ್ರಿ ಪಂದ್ಯದ ನಂತರ ಹೇಳಿದ್ದು ಇದು: ವಿಸಿಲ್ ಬೇಡ, ಗೋಡೆಯೂ ಬೇಡ ಅಂತ ರೆಫರಿಗೆ ಹೇಳಿದ್ದೆ, ಪಕ್ಕದಲ್ಲೇ ಇದ್ದ ಕೇರಳದ ಏಡ್ರಿಯನ್ ಲೂನಾಗೆ ಅದು ಕೇಳಿಸಿತ್ತು, ಅದಕ್ಕೇ ಅವರು ಮೊದಲ ಸಲ ಅಡ್ಡ ಬಂದರು. ರೆಫರಿ ಆಗಲೇ ಆಟಗಾರರನ್ನು ಹಿಂದೆ ಕಳಿಸುತ್ತಿದ್ದರು, ಹಾಗಾಗಿ ವಿಸಿಲ್ ಬೇಕಿತ್ತು ಎಂಬುದು ಕೇರಳದ ವಾದ. ಈ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದು ನಿಯಮದೊಳಗಿನ ವಾದವೇ.

ಆದರೆ ಆ ವಾದ ಪೂರ್ತಿ ಸರಿ ಅಂತಲೇ ಇಟ್ಟುಕೊಳ್ಳಿ. ಆಗಲೂ ಮೈದಾನ ಬಿಡಲು ಅದು ಕಾರಣವಾಗುವುದಿಲ್ಲ. ಗೋಲು ಆಯಿತೋ ಇಲ್ಲವೋ ಎಂಬುದರಲ್ಲಿ ರೆಫರಿ ಮಾತೇ ಕೊನೆ ಅಂತ ನಿಯಮ ಪುಸ್ತಕ ಬಿಡಿಸಿ ಹೇಳುತ್ತದೆ. ತಕರಾರಿದ್ದರೆ ದಾರಿ ಬೇರೆ ಇದೆ: ಕ್ಯಾಪ್ಟನ್ ರೆಫರಿಗೆ ತಿಳಿಸಬೇಕು, ಮಧ್ಯದಲ್ಲಿ ಚೆಂಡಿಟ್ಟು ಆಡಬೇಕು, ಪಂದ್ಯ ಮುಗಿದ ಮೇಲೆ ಬರಹದಲ್ಲಿ ದೂರು ಕೊಡಬೇಕು. ಆಡುತ್ತಾ ತಕರಾರು ಮಾಡಿದರೆ ಎರಡೂ ಕೈಯಲ್ಲಿರುತ್ತವೆ, ಆಟವೂ ದೂರೂ. ಎದ್ದು ಹೋದರೆ ಎರಡೂ ಹೋದವು. ಹಾಗೇ ಆಯಿತು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಂಡವನ್ನು ಒಳಗೆ ಕರೆದುಕೊಂಡರು, ಪಂದ್ಯ 1-0ಗೆ ಬೆಂಗಳೂರಿನದಾಯಿತು, ಆಮೇಲೆ ಕೊಟ್ಟ ದೂರು ಬಿದ್ದುಹೋಯಿತು. ದೇಶದ ಫುಟ್‌ಬಾಲ್ ಒಕ್ಕೂಟವಾದ ಎಐಎಫ್‌ಎಫ್‌ನ ಶಿಸ್ತು ಸಮಿತಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯದ ನಿಷೇಧ ಮತ್ತು 5 ಲಕ್ಷ ದಂಡ. ಸಾರ್ವಜನಿಕವಾಗಿ ಕ್ಷಮೆ ಕೇಳದಿದ್ದರೆ 6 ಕೋಟಿ, 10 ಲಕ್ಷ.

ಹೊರನಡೆದದ್ದು ಸ್ವಾಭಿಮಾನ, ಯಾರಾದರೂ ದನಿ ಎತ್ತಲೇಬೇಕಿತ್ತು ಎನ್ನುತ್ತಾರೆ. ಆ ಸೀಸನ್ನಿನ ರೆಫರಿಂಗ್ ಬಗ್ಗೆ ಎಲ್ಲ ತಂಡಗಳಿಗೂ ದೂರಿತ್ತು, ಒಪ್ಪುತ್ತೇನೆ. ಆದರೆ ಸ್ವಾಭಿಮಾನದ ಬೆಲೆ ತೆತ್ತವರು ಯಾರು? 20 ಪಂದ್ಯ ಓಡಿ, ಹತ್ತು ಗೆದ್ದು, ಪ್ಲೇಆಫ್‌ವರೆಗೆ ಬಂದ ಹುಡುಗರು. ಸಮಗೊಳಿಸಲು ಇಪ್ಪತ್ತಕ್ಕೂ ಹೆಚ್ಚು ನಿಮಿಷ ಇತ್ತು, ಸಮವಾದರೆ ಪೆನಾಲ್ಟಿ ಶೂಟೌಟ್ ಇತ್ತು. ಅಷ್ಟನ್ನೂ ಅವರ ಕಾಲಿನಿಂದ ಕಿತ್ತುಕೊಂಡದ್ದು ರೆಫರಿ ಅಲ್ಲ. ಇದನ್ನು ಹೇಳುವಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ, ಎದುರು ತಂಡವಾದರೂ.

ಅದಿರಲಿ. ಈ ಗೋಲನ್ನು ತಡೆಯುವುದು ಹೇಗಿತ್ತು ಅಂತ ಒಬ್ಬರೂ ಬರೆದದ್ದು ನೋಡಿಲ್ಲ. ಬಾಕ್ಸಿನ ಹತ್ತಿರ ಫೌಲ್ ಆದ ಕ್ಷಣ ಡಿಫೆನ್ಸ್ ಮಾಡಬೇಕಾದ ಕೆಲಸಗಳಿಗೆ ಒಂದು ಕ್ರಮ ಇದೆ. ಚೆಂಡಿಗೆ ಹತ್ತಿರ ಇರುವವನು ಚೆಂಡಿನಿಂದ ಕಣ್ಣು ಕೀಳಬಾರದು. ಹಿಂದಕ್ಕೆ ಹೋಗುವಾಗಲೂ ಮುಖ ಚೆಂಡಿನ ಕಡೆಗೇ ಇರಬೇಕು, ಬೆನ್ನು ತಿರುಗಿಸಿದರೆ ಮುಗಿಯಿತು. ಬೇಕೆಂದೇ ಅಡ್ಡ ನಿಂತು ಒದೆಯಲು ಬಿಡದಿದ್ದರೆ ಹಳದಿ ಕಾರ್ಡ್, ಅದೂ ನೆನಪಿರಬೇಕು. ಕ್ಯಾಪ್ಟನ್ ಹೋಗಿ ರೆಫರಿಯನ್ನು 'ವಿಸಿಲ್ ಮೇಲಾ?' ಎಂದು ಕೇಳಬೇಕು, ಉತ್ತರ ಬರುವವರೆಗೆ 'ಇಲ್ಲ' ಎಂದೇ ತಿಳಿದು ನಡೆದುಕೊಳ್ಳಬೇಕು. ಮುಖ್ಯವಾಗಿ ಕೀಪರ್. ಗೋಡೆ ಸಾಲು ನೋಡಲು ಅವನು ಒಂದು ಕಂಬದ ಬಳಿ ಹೋಗುತ್ತಾನೆ, ಆಗ ಗೋಲಿನ ಇನ್ನೊಂದು ಬದಿ ಪೂರ್ತಿ ಬಯಲು. ಗೋಲು 7.32 ಮೀಟರ್ ಅಗಲ. ಅಷ್ಟು ದೂರ ವಾಪಸ್ ಹಾರಲು ಯಾರಿಂದಲೂ ಆಗದು. ಅದಕ್ಕೇ ವಿಸಿಲ್ ಖಾತ್ರಿಯಾಗುವವರೆಗೆ ಕೀಪರ್ ನಡುವಿನಿಂದಲೇ ಕೂಗಿ ಗೋಡೆ ನಿಲ್ಲಿಸಬೇಕು, ಕಂಬದ ಬಳಿ ಹೋಗಲೇಬೇಕಿದ್ದರೆ ಚೆಂಡಿನ ಎದುರು ಒಬ್ಬ ಇರಬೇಕು. ಆ ರಾತ್ರಿ ಇದರಲ್ಲಿ ಒಂದಲ್ಲ, ಎರಡು ಮೂರು ಒಟ್ಟಿಗೆ ತಪ್ಪಿದವು. ಛೆಟ್ರಿ ಕಾಯುತ್ತಿದ್ದದ್ದೂ ಅದಕ್ಕೇ.

ಈಗ ಬಾಕಿ ನಿಮಿಷಗಳ ಮಾತಿಗೆ ಬರುತ್ತೇನೆ. ಒಂದು ಗೋಲು ಹಿಂದೆ ಬಿದ್ದರೆ ಕೇರಳಕ್ಕೆ ಏನು ತಾನೇ ಆಗುತ್ತಿತ್ತು ಅಂತ ಕೇಳುವವರು ಅದೇ ಸೀಸನ್ನಿನ ಡಿಸೆಂಬರ್ 11 ನೆನಪಿಸಿಕೊಳ್ಳಿ. ಕೊಚ್ಚಿಯಲ್ಲಿ ಇದೇ ಎರಡು ತಂಡ. ಛೆಟ್ರಿ ಪೆನಾಲ್ಟಿಯಿಂದ ಬೆಂಗಳೂರು 1-0 ಮುಂದೆ. ಕೇರಳ ಸಮ ಮಾಡಿತು, ಮುಂದೆ ಹೋಯಿತು, 3-2ಕ್ಕೆ ಗೆದ್ದಿತು. ಛೆಟ್ರಿಯ ಗೋಲಿನಿಂದ ಹಿಂದೆ ಬಿದ್ದು ಎದ್ದು ಬಂದ ತಂಡವೇ ಮೂರು ತಿಂಗಳೊಳಗೆ ಮತ್ತೆ ಪ್ರಯತ್ನಿಸದೆ ಮೈದಾನ ಬಿಟ್ಟಿತು.

ಇನ್ನೊಂದು ಬೇಸರ. ಆ ಸೀಸನ್ ಎಂದರೆ ಈಗ ಎಲ್ಲರಿಗೂ ಈ ಒಂದೇ ತುಣುಕು. ಮುಂಬೈ ಸಿಟಿ ಮೊದಲ 18 ಪಂದ್ಯ ಸೋಲದೆ ಬಂದು 46 ಅಂಕದೊಂದಿಗೆ ಪಟ್ಟಿಯ ಮೊದಲ ತಂಡಕ್ಕೆ ಕೊಡುವ ಲೀಗ್ ಶೀಲ್ಡ್ ಗೆದ್ದದ್ದು, ಆ ಓಟವನ್ನು ಇದೇ ಕಂಠೀರವದಲ್ಲಿ ಬೆಂಗಳೂರು 2-1ಕ್ಕೆ ಮುರಿದದ್ದು, ಪಟ್ಟಿಯ ತಳದ ಕಡೆ ಒದ್ದಾಡುತ್ತಿದ್ದ ಬೆಂಗಳೂರು ಕೋಚ್ ಸೈಮನ್ ಗ್ರೇಸನ್ ಹುಡುಗರು ಸಾಲಾಗಿ ಎಂಟು ಗೆದ್ದು ಪ್ಲೇಆಫ್‌ಗೆ ಬಂದದ್ದು, ಸೆಮಿಫೈನಲ್‌ನಲ್ಲಿ ಮುಂಬೈ ವಿರುದ್ಧ ಶೂಟೌಟ್ 9-8ರವರೆಗೆ ಹೋದದ್ದು, ಯಾವುದೂ ಯಾರ ಬಾಯಲ್ಲೂ ಇಲ್ಲ.

ಫೈನಲ್ ಅಂತೂ ನನ್ನ ಮಾತಿಗೆ ದೊಡ್ಡ ಸಾಕ್ಷಿ, ಹೇಳಲು ಸಂಕಟವಾದರೂ. ಮಾರ್ಚ್ 18, ಗೋವಾದ ಫಟೋರ್ಡಾ. ಎಟಿಕೆ ಮೋಹನ್ ಬಗಾನ್ ಎದುರು 78ನೇ ನಿಮಿಷದಲ್ಲಿ ರಾಯ್ ಕೃಷ್ಣ ಗೋಲು, ಬೆಂಗಳೂರು 2-1. 85ಕ್ಕೆ ಪೆತ್ರಾತೋಸ್ ಪೆನಾಲ್ಟಿ, 2-2. ಶೂಟೌಟ್‌ನಲ್ಲಿ 4-3ಕ್ಕೆ ಕಪ್ ಹೋಯಿತು. ಎದುರಾಳಿಗೆ ಸಮ ಮಾಡಲು ಬೇಕಾದದ್ದು ಏಳು ನಿಮಿಷ. ಕಂಠೀರವದಲ್ಲಿ ಕೇರಳದ ಕೈಯಲ್ಲಿ ಇದ್ದದ್ದು ಅದರ ಮೂರು ಪಟ್ಟು.